ಪವಾಡವೋ, ಪಾಠವೋ? ಹಂಪಿಯ ತಲೆಕೆಳಗಾದ ಗೋಪುರ ನೋಡಿ ಮಗ ಕೇಳಿದ ಪ್ರಶ್ನೆ

ಬೆಣ್ಣೆದೋಸೆ ಊರಿನವಳು
ಹೋದ ವಾರ ಮಗನನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆವು. ಅವನಿಗೆ ಒಂಬತ್ತು ವರ್ಷ. ಬಿಸಿಲಿಗೆ ಕಾಲು ಸುಡುತ್ತದೆ ಎಂದು ಮುಖ ಗಂಟು ಹಾಕಿಕೊಂಡೇ ವಿರೂಪಾಕ್ಷ ದೇವಸ್ಥಾನದ ಒಳಗೆ ಬಂದ. ಗರ್ಭಗುಡಿಯ ಹಿಂಬದಿಗೆ ಹೋದರೆ ಒಂದು ಕತ್ತಲೆಯ ಕೋಣೆ ಇದೆಯಲ್ಲ, ಅಲ್ಲಿಗೆ ಹೋದೆವು. ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ನಿಂತಿತ್ತು. ತುದಿ ಕೆಳಗೆ, ಬುಡ ಮೇಲೆ. ಅಷ್ಟು ಹೊತ್ತು ಗೊಣಗುತ್ತಿದ್ದವನು ಬಾಯಿ ಮುಚ್ಚಿದ. ಮೆಲ್ಲಗೆ ಕೈ ಚಾಚಿದ. ಗೋಪುರದ ತುದಿ ಗೋಡೆಯಿಂದ ಇಳಿದು ಅವನ ಅಂಗೈ ಮೇಲೆ ಬಂದು ಕೂತಿತು.

ಅಷ್ಟರಲ್ಲಿ ಯಾರನ್ನೋ ಕರೆತಂದಿದ್ದ ಗೈಡ್ ಒಬ್ಬರು "ಇದು ದೇವರ ಪವಾಡ, ಯಾವ ವಿಜ್ಞಾನಿಗೂ ಇದರ ಗುಟ್ಟು ಸಿಕ್ಕಿಲ್ಲ" ಎಂದರು. ಹಿಂದೆ ನಿಂತಿದ್ದ ಮತ್ತೊಬ್ಬರು "ಇದರಲ್ಲೇನಿದೆ, ಸೂಜಿರಂಧ್ರ ಕ್ಯಾಮೆರಾ, ಶಾಲೆಯ ಪಾಠ" ಎಂದು ಹೇಳಿ ಹೊರಟೇಹೋದರು. ಮಗ ಇಬ್ಬರ ಮುಖವನ್ನೂ ನೋಡಿದ. ವಾಪಸು ಬರುವಾಗ ಕಾರಿನಲ್ಲಿ ಕೇಳಿದ: "ಅಮ್ಮ, ಅದು ಪವಾಡವೋ, ಪಾಠವೋ?"

ನನಗೆ ಉತ್ತರ ಹೊಳೆಯಲಿಲ್ಲ. ಗುಟ್ಟು ಬಿಡಿಸಿ ಹೇಳಿದರೆ ಅವನ ಕಣ್ಣಿನಲ್ಲಿ ಕಂಡ ಆ ಬೆರಗು ಹೋಗಿಬಿಡುತ್ತದೆಯೇ ಎಂಬ ಭಯ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ನಿಮ್ಮನ್ನು ಹಾಗೆ ಮಾತಿಲ್ಲದಂತೆ ನಿಲ್ಲಿಸಿದ ಜಾಗ, ಕಲೆ ಯಾವುದು?

ಸುಮ್ಮನೆ ಓದುವವ
ಎರಡೂ ಹೌದು ಎಂದು ಹೇಳಿಬಿಡಿ.

ನಿವೃತ್ತ ಮೇಷ್ಟ್ರು
ಎರಡೂ ಅಲ್ಲ ತಾಯಿ. "ಪವಾಡ, ಗುಟ್ಟು ಸಿಕ್ಕಿಲ್ಲ" ಎಂದವರು ಮಗುವಿನ ಪ್ರಶ್ನೆಯನ್ನು ಅಲ್ಲೇ ಮುಗಿಸಿದರು. "ಇದರಲ್ಲೇನಿದೆ" ಎಂದವರೂ ಅದನ್ನೇ ಮಾಡಿದರು. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿದೆ.

ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಹೇಳಿದವನು ನಾನು. ಈ ಪಾಠಕ್ಕೆ ಒಂದು ಬಳೆ, ಎರಡು ದಾರ ಸಾಕು. ಒಬ್ಬ ಹುಡುಗ ಬಾಗಿಲ ಬಳಿ ಕುರ್ಚಿ ಹತ್ತಿ ನಿಂತು ಕೆಂಪು ದಾರದ ತುದಿ ಹಿಡಿಯಬೇಕು. ಇನ್ನೊಬ್ಬ ನೆಲದ ಮೇಲೆ ಕೂತು ಬಿಳಿ ದಾರದ ತುದಿ ಹಿಡಿಯಬೇಕು. ಕೋಣೆಯ ನಡುವೆ ಒಬ್ಬಳು ಬಳೆ ಹಿಡಿದು ನಿಲ್ಲಬೇಕು. ಎರಡೂ ದಾರಗಳು ಬಳೆಯೊಳಗೆ ತೂರಿ, ಎಲ್ಲೂ ಬಾಗದೆ ನೆಟ್ಟಗೆ ಎದುರು ಗೋಡೆಗೆ ಹೋಗಬೇಕು. ಮೇಲಿನಿಂದ ಹೊರಟ ಕೆಂಪು ದಾರ ಗೋಡೆಯ ಕೆಳಗೆ ಮುಟ್ಟುತ್ತದೆ, ಕೆಳಗಿನ ಬಿಳಿ ದಾರ ಮೇಲಕ್ಕೆ ಹೋಗುತ್ತದೆ. ಬಳೆಯೇ ಆ ಕತ್ತಲೆ ಕೋಣೆಯ ಗೋಡೆಯಲ್ಲಿರುವ ಸಣ್ಣ ರಂಧ್ರ, ಕೆಂಪು ದಾರ ಹಿಡಿದ ಹುಡುಗನೇ ಗೋಪುರದ ಕಳಶ. ಬೆಳಕು ನೆಟ್ಟಗೆ ಹೋಗುತ್ತದೆ ಎಂಬ ಒಂದೇ ಮಾತು ಇದರಲ್ಲಿರುವುದು.

ಈ ಪಾಠ ಮಾಡಿದಾಗಲೆಲ್ಲ ತರಗತಿಯಲ್ಲಿ "ಓ..." ಎಂಬ ಸದ್ದು ಏಳುತ್ತಿತ್ತು. ಗುಟ್ಟು ಗೊತ್ತಾದದ್ದಕ್ಕೆ ಬಂದ ಸದ್ದು ಅದು. ಸಾವಿರ ವರ್ಷದ ಹಿಂದೆ ಇಬ್ನ್ ಅಲ್ ಹೈಥಮ್ ಎಂಬ ಮಹಾನುಭಾವ ಕತ್ತಲೆ ಕೋಣೆಯಲ್ಲಿ ಕುಳಿತು ಇದನ್ನೇ ಪರೀಕ್ಷೆ ಮಾಡಿ ನೋಡಿದ. ಅವನಿಗೆ ಬೇಸರ ಬಂದಿದ್ದರೆ ಬೆಳಕಿನ ಬಗ್ಗೆ ಅಷ್ಟು ದೊಡ್ಡ ಗ್ರಂಥ ಬರೆಯುತ್ತಿರಲಿಲ್ಲ.

ಕತ್ತಲೆಕೋಣೆ
ಮೇಷ್ಟ್ರ ಮಾತಿಗೆ ನನ್ನದೂ ಸಹಿ. ಒಂದು ತಿದ್ದುಪಡಿ ಮಾತ್ರ: ಎಲ್ಲರೂ ಅದನ್ನು ಗೋಪುರದ "ನೆರಳು" ಎನ್ನುತ್ತಾರೆ. ಅದು ನೆರಳಲ್ಲ, ಬಿಂಬ. ನೆರಳು ಎಂದರೆ ಬೆಳಕು ಇಲ್ಲದ ಜಾಗ. ಇಲ್ಲಿ ಗೋಡೆಯ ಮೇಲೆ ಬಿದ್ದಿರುವುದು ಗೋಪುರದಿಂದಲೇ ಹೊರಟು ಬಂದ ಬೆಳಕು.

ಇನ್ನೊಂದು ಮಾತು. ರಾಜಗೋಪುರ ಇರುವುದು ಪೂರ್ವಕ್ಕೆ. ಕೋಣೆಗೆ ಕಾಣುವುದು ಅದರ ಪಶ್ಚಿಮದ ಮೈ. ಬೆಳಿಗ್ಗೆ ಸೂರ್ಯ ಗೋಪುರದ ಆಚೆ ಇರುವುದರಿಂದ ಆಕಾಶ ಬೆಳ್ಳಗೆ, ಗೋಪುರ ಕಪ್ಪಗೆ ಬೀಳುತ್ತದೆ. ಬಹುಶಃ ಅದಕ್ಕೇ "ನೆರಳು" ಎಂಬ ಮಾತು ಹುಟ್ಟಿಕೊಂಡಿರಬೇಕು. ಮಧ್ಯಾಹ್ನ ದಾಟಿದ ಮೇಲೆ ಬಿಸಿಲು ಈಚೆ ಮೈಗೆ ಬೀಳುತ್ತದೆ. ಆಗ ಹೋಗಿ, ಹತ್ತು ನಿಮಿಷ ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಂತು ನೋಡಿ. ಮೊಬೈಲ್ ಟಾರ್ಚ್ ಹಾಕಬೇಡಿ, ದಯವಿಟ್ಟು.

ತುಂಗಭದ್ರಾ ತೀರ
ಎಲ್ಲವನ್ನೂ ದಾರ, ಬಳೆ ಎಂದು ಬಿಡಿಸಿಬಿಟ್ಟಿರಿ. ನನ್ನ ಅಜ್ಜಿ ಆ ಗೋಡೆಗೆ ಕೈ ಮುಗಿಯುತ್ತಿದ್ದರು. ಕಮಲಾಪುರದಿಂದ ನಡೆದು ಬಂದು, ತುಂಗಭದ್ರೆಯಲ್ಲಿ ಮಿಂದು, ಒದ್ದೆ ಸೆರಗಿನಲ್ಲೇ ಆ ಕೋಣೆಗೆ ಹೋಗುತ್ತಿದ್ದರು. "ಅಷ್ಟೆತ್ತರದ ಗೋಪುರವೂ ಸ್ವಾಮಿಯ ಬೆನ್ನ ಹಿಂದೆ ತಲೆ ತಗ್ಗಿಸುತ್ತದೆ ನೋಡು" ಎನ್ನುತ್ತಿದ್ದರು. ಈ ಮಾತು ನಿಮ್ಮ ಯಾವ ಪಾಠದಲ್ಲಿದೆ?

ನಿವೃತ್ತ ಮೇಷ್ಟ್ರು
ಯಾವ ಪಾಠದಲ್ಲೂ ಇಲ್ಲ. ನಿಮ್ಮ ಅಜ್ಜಿ ಗೋಡೆಯನ್ನು ಸರಿಯಾಗಿ ನೋಡಿದವರು, ಅದಕ್ಕೇ ಅಂಥ ಮಾತು ಬಂತು. ನನ್ನ ತಕರಾರು "ಯಾರಿಗೂ ಗೊತ್ತಿಲ್ಲ" ಎಂಬ ಸುಳ್ಳಿನ ಮೇಲೆ ಮಾತ್ರ.

ಬೆಣ್ಣೆದೋಸೆ ಊರಿನವಳು
ಅಜ್ಜಿಯ ಮಾತನ್ನು ಮಗನಿಗೆ ಹೇಳಿದೆ. "ಹಾಗಾದರೆ ಗೋಪುರಕ್ಕೆ ತಲೆ ಸುತ್ತುವುದಿಲ್ಲವೇ" ಎಂದ.

ಶಾಸನಪ್ರಿಯ
ಹಂಪಿಯ ಬಗ್ಗೆ ಮಾತು ಬಂದಾಗ ಕೈ ಕಟ್ಟಿ ಕೂರಲು ಆಗುವುದಿಲ್ಲ. ಆ ರಂಧ್ರವನ್ನು ಬೇಕೆಂದೇ ಇಟ್ಟರು ಎಂದು ಅಂತರ್ಜಾಲದಲ್ಲಿ ಎಲ್ಲರೂ ಖಚಿತವಾಗಿ ಬರೆಯುತ್ತಾರೆ. ಕತ್ತಲೆಯ ಕೋಣೆಗೆ ಸಣ್ಣ ಕಿಂಡಿ ಇದ್ದು ಎದುರಿಗೆ ಬಿಸಿಲು ಬಿದ್ದ ಎತ್ತರದ ವಸ್ತು ಇದ್ದರೆ ಬಿಂಬ ತಾನಾಗಿಯೇ ಬೀಳುತ್ತದೆ. ಬೆಳಕಿಗೆ ಇಟ್ಟ ಕಿಂಡಿಯೂ ಇದನ್ನು ಮಾಡಬಲ್ಲದು. ಹಾಗಾಗಿ ಬಿಂಬ ಇದೆ ಎಂಬುದೊಂದೇ ಉದ್ದೇಶಕ್ಕೆ ಪುರಾವೆಯಾಗುವುದಿಲ್ಲ.

ನನಗೆ ಬೇಸರ ತರಿಸುವುದು ಬೇರೆ ಸಂಗತಿ. ಆ ಕೋಣೆಗೆ ಓಡುವ ಜನ ಅದೇ ದೇವಸ್ಥಾನದ ರಂಗಮಂಟಪದಲ್ಲಿ ಕತ್ತು ಎತ್ತಿ ನೋಡುವುದಿಲ್ಲ. ಕೃಷ್ಣದೇವರಾಯ ಪಟ್ಟಕ್ಕೆ ಬಂದ ನೆನಪಿಗೆ ಕಟ್ಟಿಸಿದ ಮಂಟಪ ಅದು, 1510ರ ಶಾಸನ ಅಲ್ಲೇ ಇದೆ. ಅದರ ಚಾವಣಿಯಲ್ಲಿ ವಿದ್ಯಾರಣ್ಯರನ್ನು ಪಲ್ಲಕ್ಕಿಯಲ್ಲಿ ಹೊತ್ತು ಸಾಗುವ ಮೆರವಣಿಗೆಯ ಚಿತ್ರವಿದೆ. ಅರ್ಜುನ ಮತ್ಸ್ಯಯಂತ್ರ ಭೇದಿಸುತ್ತಿದ್ದಾನೆ. ನೆಲದ ಮೇಲೆ ಅಂಗಾತ ಮಲಗಿ ನೋಡಬೇಕು ಎನಿಸುತ್ತದೆ.

ವಿಠ್ಠಲ ದೇವಸ್ಥಾನದ ಕಲ್ಲಿನ ರಥದ್ದೂ ಇದೇ ಕಥೆ. "ಒಂದೇ ಕಲ್ಲಿನಲ್ಲಿ ಕಡೆದದ್ದು" ಎಂದು ಹೇಳುತ್ತಾರೆ. ಅಲ್ಲ, ಹಲವು ಕಲ್ಲುಗಳನ್ನು ಸಂದು ಕಾಣದಂತೆ ಜೋಡಿಸಿದ್ದು. ಕೆಲಸಗಾರಿಕೆ ಇರುವುದೇ ಆ ಜೋಡಣೆಯಲ್ಲಿ. ಈಗ ಮುಂದೆ ನಿಂತಿರುವ ಆನೆಗಳು ಮೊದಲಿನವಲ್ಲ, ಅಲ್ಲಿ ಕುದುರೆಗಳಿದ್ದವು. ಆನೆಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಯ ಹಿಂಗಾಲುಗಳ ಗುರುತು ಇವತ್ತಿಗೂ ಕಾಣುತ್ತದೆ. 1856ರಲ್ಲಿ ಗ್ರೀನ್‌ಲಾ ಎಂಬ ಸೇನಾಧಿಕಾರಿ ತೆಗೆದ ಛಾಯಾಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವೂ ಇದೆ. ಐವತ್ತು ರೂಪಾಯಿ ನೋಟಿನಲ್ಲಿರುವ ರಥಕ್ಕೆ ಅದಿಲ್ಲ.

ಸುಮ್ಮನೆ ಓದುವವ
ಈಗಷ್ಟೇ ಜೇಬಿನಿಂದ ನೋಟು ತೆಗೆದು ನೋಡಿದೆ. ಹೌದು.

ಗುಮ್ಮಟದ ಊರಿನವ
ಕಣ್ಣಿನ ಮಾತೇ ಆಯಿತು, ಕಿವಿಗೂ ಸ್ವಲ್ಪ ಜಾಗ ಕೊಡಿ. ನಾನು ವಿಜಯಪುರದವನು. ಗೋಳಗುಮ್ಮಟ ನೋಡಿದೆವು ಎನ್ನುವವರಲ್ಲಿ ಬಹುತೇಕರು ಗೋಳಗುಮ್ಮಟ ಕೇಳಿಯೇ ಇಲ್ಲ. ಮೇಲೆ ಹೋಗಿ ಕಿರುಚುತ್ತಾರೆ, ಶಿಳ್ಳೆ ಹೊಡೆಯುತ್ತಾರೆ, ಏಳು ಸಲ ಮಾರ್ದನಿ ಬಂತೋ ಇಲ್ಲವೋ ಎಂದು ಲೆಕ್ಕ ಹಾಕುತ್ತಾರೆ, ಇಳಿದು ಹೋಗುತ್ತಾರೆ.

ನಮ್ಮ ತಂದೆ ನನ್ನನ್ನು ಮೊದಲ ಸಲ ಕರೆದುಕೊಂಡು ಹೋದದ್ದು ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ, ಇನ್ನೂ ಯಾರೂ ಬಂದಿರಲಿಲ್ಲ. ಮೂಲೆಯ ಗೋಪುರದ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಗುಮ್ಮಟದೊಳಗಿನ ಮೊಗಸಾಲೆಗೆ ಬಂದೆವು. ನನ್ನನ್ನು ಒಂದು ಕಡೆ ಗೋಡೆಗೆ ಮುಖ ಮಾಡಿ ಕೂರಿಸಿ ಅಪ್ಪ ಎದುರು ಬದಿಗೆ ಹೋದರು. ಅಷ್ಟು ದೂರದಲ್ಲಿ ಅವರ ಬಿಳಿ ಟೋಪಿ ಮಾತ್ರ ಕಾಣುತ್ತಿತ್ತು. ಇದ್ದಕ್ಕಿದ್ದಂತೆ ನನ್ನ ಕಿವಿಯ ಪಕ್ಕದಲ್ಲೇ ಒಂದು ಬೆಂಕಿಕಡ್ಡಿ ಪೆಟ್ಟಿಗೆ ಅಲುಗಾಡಿದ ಸದ್ದು. ಆಮೇಲೆ ಪಿಸುದನಿಯಲ್ಲಿ, "ಹಸಿವಾಯಿತೇನೋ?" ಬೆಚ್ಚಿ ತಿರುಗಿ ನೋಡಿದೆ. ಪಕ್ಕದಲ್ಲಿ ಯಾರೂ ಇಲ್ಲ.

ಪಿಸುದನಿ ಗಾಳಿಯಲ್ಲಿ ನಡುವೆ ಹಾರಿ ಬರುವುದಿಲ್ಲ. ಬಾಗಿದ ಗೋಡೆಯನ್ನೇ ಸವರಿಕೊಂಡು ಸುತ್ತು ಹಾಕಿ ಬರುತ್ತದೆ, ಅದಕ್ಕೇ ಗೋಡೆಗೆ ಮುಖ ಮಾಡಿ ಮಾತನಾಡಬೇಕು. ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟ, ಕೆಳಗೆ ಒಂದೇ ಒಂದು ಕಂಬವಿಲ್ಲ. ಒಂದನ್ನೊಂದು ಹಾಯುವ ಎಂಟು ಕಮಾನುಗಳು ಚೌಕವಾದ ಕೋಣೆಯನ್ನು ಮೇಲೆ ದುಂಡಗೆ ಮಾಡಿ ಆ ಭಾರವನ್ನು ಹೊತ್ತಿವೆ. ಕೆಳಗೆ ಮಲಗಿರುವುದು 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹ್. ಗೋರಿಯ ಮೇಲೆ ನಿಂತು ಶಿಳ್ಳೆ ಹೊಡೆಯುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಕಡಲತಡಿ
ಮಕ್ಕಳು ಕೂಗದೆ ಇರುತ್ತವೆಯೇ ಅಣ್ಣ? ಮಾರ್ದನಿ ಕೇಳಿದ ಮಗುವಿನ ನಗುವಿನಲ್ಲೂ ಬೆರಗೇ ಇರುವುದು.

ಗುಮ್ಮಟದ ಊರಿನವ
ಮಕ್ಕಳು ಕೂಗಲಿ, ನನ್ನದೇನೂ ಅಡ್ಡಿಯಿಲ್ಲ. ನಾನು ಹೇಳಿದ್ದು ಮೀಸೆ ಬಂದವರ ಬಗ್ಗೆ. ಸಾಧ್ಯವಾದರೆ ಬೆಳಗಿನ ಹೊತ್ತು ಬನ್ನಿ, ಕೈಗಡಿಯಾರದ ಟಿಕ್ ಟಿಕ್ ಕೂಡ ಎದುರು ಬದಿಗೆ ಕೇಳುತ್ತದೆ.

ಹಳೇಬೀಡು ದಾರಿ
ನನ್ನದು ಬೇಲೂರು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ. ಮಳೆಗಾಲದಲ್ಲಿ, ಮಳೆ ನಿಂತ ಕೂಡಲೇ ಹೋಗಬೇಕು. ತೊಳೆದ ಕಲ್ಲು ಕಪ್ಪಗೆ ಹೊಳೆಯುತ್ತಾ ಮದನಿಕೆಯರು ಈಗಷ್ಟೇ ಸ್ನಾನ ಮಾಡಿ ಬಂದಂತೆ ಕಾಣುತ್ತಾರೆ. ಒಳಗಿನ ಒಬ್ಬ ಮದನಿಕೆಯ ಕೈಬಳೆ ಕಲ್ಲಿನದೇ ಆದರೂ ಅಲುಗಾಡುತ್ತದೆ. ಜಕಣಾಚಾರಿಯ ಕೈಚಳಕಕ್ಕೆ ಸಮ ಯಾವುದಿದೆ ಹೇಳಿ!

ಶಾಸನಪ್ರಿಯ
ಅಲ್ಲಿ ಜಕಣಾಚಾರಿ ಎಂಬ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ, ಸ್ವಾಮಿ. ಇರುವುದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಮದನಿಕೆಯರ ಪಾದದ ಕೆಳಗೆ ಅವರೇ ಹೆಸರು ಕೆತ್ತಿದ್ದಾರೆ. ಸೋಮನಾಥಪುರಕ್ಕೆ ಹೋದರೆ ಮಲ್ಲಿತಮ್ಮನ ಸಹಿ ಸಿಗುತ್ತದೆ.

ಹಳೇಬೀಡು ದಾರಿ
ಹಾಗಾದರೆ ಕಪ್ಪೆ ಚೆನ್ನಿಗರಾಯ? ವಿಗ್ರಹದ ಹೊಟ್ಟೆಯೊಳಗೆ ಕಪ್ಪೆ ಇದೆ ಎಂದು ಮಗ ಡಂಕಣ ತೋರಿಸಿದ್ದು, ಅಪ್ಪ ತನ್ನ ಕೈ ಕಡಿದುಕೊಂಡದ್ದು, ಕೈದಾಳದಲ್ಲಿ ಕೈ ಮರಳಿ ಬಂದದ್ದು, ಎಲ್ಲ ಸುಳ್ಳೇ? ಈ ಕಥೆ ಕೇಳದೆ ಬೆಳೆದ ಕನ್ನಡದ ಮಗು ಇದೆಯೇ? ಸರ್ಕಾರವೇ ಆ ಹೆಸರಿನಲ್ಲಿ ಶಿಲ್ಪಿಗಳಿಗೆ ಪ್ರಶಸ್ತಿ ಕೊಡುತ್ತದೆ.

ಶಾಸನಪ್ರಿಯ
ಕಥೆ ನನಗೂ ಪ್ರಿಯವೇ. ನಮ್ಮ ಅಮ್ಮ ಹೇಳಿದಾಗ ಅತ್ತಿದ್ದೇನೆ. ಆದರೆ ನಿಜವಾಗಿ ಉಳಿ ಹಿಡಿದವರು ಹೆಸರು ಬರೆದಿಟ್ಟು ಹೋಗಿದ್ದಾರೆ. ದೇಶದ ಎಷ್ಟೋ ದೊಡ್ಡ ದೇವಸ್ಥಾನಗಳಲ್ಲಿ ಶಿಲ್ಪಿಯ ಹೆಸರೇ ಇಲ್ಲ, ನಮ್ಮಲ್ಲಿ ಇದೆ. "ಇದು ನನ್ನ ಕೆಲಸ" ಎಂದು ಒಂಬೈನೂರು ವರ್ಷದ ಹಿಂದಿನ ಒಬ್ಬ ಮನುಷ್ಯ ನನ್ನೊಡನೆ ಕನ್ನಡದಲ್ಲಿ ಮಾತನಾಡುತ್ತಿದ್ದಾನೆ. ಆ ಅಕ್ಷರದ ಮೇಲೆ ಕಣ್ಣು ನೆಟ್ಟಾಗ ನನ್ನ ಮೈ ಜುಮ್ಮೆಂದಿತು. ಅವನ ಹೆಸರು ಹೇಳದೆ ಇನ್ನೊಬ್ಬರ ಹೆಸರು ಹೇಳಿದರೆ ಅನ್ಯಾಯವಲ್ಲವೇ?

ಅಂದಹಾಗೆ ಆ ಬಳೆ ಅಲುಗಾಡುವಷ್ಟು ಸೂಕ್ಷ್ಮವಾಗಿ ಕೆತ್ತಲು ಕಲ್ಲೂ ಸಹಕರಿಸಿದೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಹಂಪಿಯ ಕಗ್ಗಲ್ಲಿನಲ್ಲಿ ಇದು ಆಗದ ಕೆಲಸ.

ಹಳೇಬೀಡು ದಾರಿ
ದಾಸೋಜ, ಚಾವಣ. ಸರಿ, ಮುಂದಿನ ಸಲ ಪಾದದ ಬಳಿ ಹುಡುಕುತ್ತೇನೆ. ಕಪ್ಪೆಯ ಕಥೆಯನ್ನು ಮಾತ್ರ ಬಿಡುವುದಿಲ್ಲ.

ಕಾಫಿತೋಟ
ಮೇಷ್ಟ್ರ ಸೂಜಿರಂಧ್ರದ ಮಾತಿಗೆ ಒಂದು ನೆನಪು. 2019ರ ಡಿಸೆಂಬರ್ 26, ಕಂಕಣ ಸೂರ್ಯಗ್ರಹಣ. ಕೊಡಗಿನ ಕುಟ್ಟದ ಕಡೆಗೆ ಎಲ್ಲೆಲ್ಲಿಂದಲೋ ಜನ ದೂರದರ್ಶಕ ಹೊತ್ತುಕೊಂಡು ಬಂದಿದ್ದರು. ನಮ್ಮ ತೋಟದ ಕೆಲಸಕ್ಕೆ ಬರುವ ಅಕ್ಕ "ಮೇಲೆ ನೋಡಬಾರದು" ಎಂದು ತಲೆ ತಗ್ಗಿಸಿಕೊಂಡೇ ನಡೆಯುತ್ತಿದ್ದರು. ಒಂಬತ್ತೂವರೆಯ ಹೊತ್ತಿಗೆ ಅವರೇ ಕೂಗಿದ್ದು: "ಅಮ್ಮಾ, ನೆಲದ ಮೇಲೆಲ್ಲ ಬಳೆ ಬಿದ್ದಿದೆ!"

ಓಡಿ ಹೋಗಿ ನೋಡಿದೆ. ಮರದ ಕೆಳಗೆ, ಒಣಗಿದ ಎಲೆಗಳ ಮೇಲೆ, ನೂರಾರು ಬೆಳಕಿನ ಉಂಗುರಗಳು. ಎಲೆಗಳ ನಡುವಿನ ಒಂದೊಂದು ಸಂದೂ ಒಂದೊಂದು ಸೂಜಿರಂಧ್ರವಾಗಿ ಒಂದೊಂದು ಸೂರ್ಯನನ್ನು ನೆಲಕ್ಕೆ ಇಳಿಸಿತ್ತು. ಗಾಳಿ ಬೀಸಿದರೆ ಎಲ್ಲ ಬಳೆಗಳೂ ಒಟ್ಟಿಗೆ ನಡುಗುತ್ತಿದ್ದವು. ಎರಡೇ ಎರಡು ಚಿಲ್ಲರೆ ನಿಮಿಷ. ಅವತ್ತಿನಿಂದ ಮರದ ನೆರಳಿನಲ್ಲಿ ಬಿಸಿಲಿನ ದುಂಡು ಚುಕ್ಕಿಗಳನ್ನು ಕಂಡಾಗಲೆಲ್ಲ, ಇವೂ ಸೂರ್ಯನ ಬಿಂಬಗಳೇ ಎಂದು ನಿಂತು ನೋಡುತ್ತೇನೆ. ವಿರೂಪಾಕ್ಷನ ಕೋಣೆ ನಮ್ಮ ತೋಟದಲ್ಲೂ ದಿನಾ ನಡೆಯುತ್ತಿದೆ!

ನಿವೃತ್ತ ಮೇಷ್ಟ್ರು
ಆ ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಗ್ರಹಣವನ್ನು ಎಲ್ಲರಿಗಿಂತ ಚೆನ್ನಾಗಿ ನೋಡಿದ್ದಾರೆ.

ಪರದೆಯ ಹಿಂದೆ
"ಗುಟ್ಟು ತಿಳಿದರೆ ಬೆರಗು ಹೋಗುತ್ತದೆಯೇ" ಎಂಬ ಪ್ರಶ್ನೆಗೆ ನನ್ನ ಉತ್ತರ ತೊಗಲುಗೊಂಬೆ. ಕೊಪ್ಪಳ ಸೀಮೆಯಲ್ಲಿ ಬೆಳೆದವಳು ನಾನು. ಊರಿನ ಬಯಲಿನಲ್ಲಿ ಬಿಳಿ ಪರದೆ ಕಟ್ಟಿ ಹಿಂದೆ ದೀಪ ಇಡುತ್ತಿದ್ದರು. ರಾವಣ ಬಂದರೆ ಪರದೆಯ ತುಂಬ ಅವನೇ. ಅರಸರು, ದೇವರು ದೊಡ್ಡ ಗೊಂಬೆ, ಸಾಮಾನ್ಯರು ಸಣ್ಣ ಗೊಂಬೆ. ಒಂದು ರಾತ್ರಿ ಕುತೂಹಲ ತಡೆಯಲಾಗದೆ ಹಿಂದಕ್ಕೆ ನುಸುಳಿದೆ. ಅಲ್ಲಿ ಒಬ್ಬರು ಅಜ್ಜಿ ನೆಲದ ಮೇಲೆ ಕೂತು ಎರಡು ಕೈಯಲ್ಲಿ ಎರಡು ಗೊಂಬೆ ಆಡಿಸುತ್ತಾ ರಾಮನ ಮಾತನ್ನೂ ಸೀತೆಯ ಮಾತನ್ನೂ ಹೇಳುತ್ತಾ ಹಾಡುತ್ತಿದ್ದರು. ಗೊಂಬೆಯನ್ನು ದೀಪದ ಹತ್ತಿರ ತಂದಾಗ ಆಡಿನ ತೊಗಲು ಗಾಜಿನಂತೆ ಹೊಳೆದು ಅದರೊಳಗಿನ ಕೆಂಪು, ಹಸಿರು ಹೊತ್ತಿಕೊಂಡವು. ಮುಂದೆ ಕೂತಾಗ ಕಂಡದ್ದಕ್ಕಿಂತ ಹಿಂದೆ ಕಂಡದ್ದು ದೊಡ್ಡದಾಗಿತ್ತು.

ನಮ್ಮ ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದೆವು.

ಚಂಡೀಗಢ ಕನ್ನಡಿಗ
ಊರು ಬಿಟ್ಟು ಹನ್ನೊಂದು ವರ್ಷ. ಇಲ್ಲಿನ ರಾಕ್ ಗಾರ್ಡನ್ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಕಟ್ಟಿದವರು ರಾಜರಲ್ಲ. ನೇಕ್ ಚಂದ್ ಎಂಬ ಲೋಕೋಪಯೋಗಿ ಇಲಾಖೆಯ ರಸ್ತೆ ಮೇಲ್ವಿಚಾರಕ. ಹೊಸ ನಗರ ಕಟ್ಟಲು ಕೆಡವಿದ ಹಳ್ಳಿಗಳ ಅವಶೇಷವನ್ನೆಲ್ಲ ಸೈಕಲ್ಲಿನಲ್ಲಿ ಹೊತ್ತು ತಂದು, ಸುಖ್ನಾ ಕೆರೆಯ ಹತ್ತಿರದ ಕಾಡಿನಲ್ಲಿ 1950ರ ದಶಕದ ಕೊನೆಯಿಂದ ಯಾರಿಗೂ ತಿಳಿಯದಂತೆ ಒಂದು ಲೋಕವನ್ನೇ ಕಟ್ಟಿದರು. ಸರ್ಕಾರಿ ಜಾಗ, ಅಪ್ಪಣೆ ಇಲ್ಲ. ಸುಮಾರು ಹದಿನೆಂಟು ವರ್ಷ ಕಳೆದ ಮೇಲೆ ಅಧಿಕಾರಿಗಳ ಕಣ್ಣಿಗೆ ಬಿತ್ತು. ಕೆಡವಬೇಕಿತ್ತು, ಜನ ಬಿಡಲಿಲ್ಲ. 1976ರಲ್ಲಿ ಎಲ್ಲರಿಗೂ ತೆರೆದರು, ಅವರಿಗೇ ಸಂಬಳ, ಐವತ್ತು ಆಳುಗಳನ್ನು ಕೊಟ್ಟು ಮುಂದುವರಿಸಿ ಎಂದರು.

ಒಡೆದ ಬಳೆಯ ಸೀರೆ ಉಟ್ಟ ಹೆಂಗಸರು, ಪಿಂಗಾಣಿ ಚೂರಿನ ಕೋತಿಗಳು ಸಾಲುಸಾಲಾಗಿ ನಿಂತಿವೆ. ಬಾಗಿಲುಗಳು ಎಷ್ಟು ತಗ್ಗು ಎಂದರೆ ತಲೆ ಬಗ್ಗಿಸದೆ ಒಳಗೆ ಹೋಗಲಾಗದು. ಬೇಸರವಾದಾಗಲೆಲ್ಲ ಹೋಗಿ ಆ ಬಳೆಯ ಹೆಂಗಸರ ಮುಂದೆ ಕೂರುತ್ತೇನೆ. ಯಾರದೋ ಕೈಯಲ್ಲಿ ಒಡೆದ ಬಳೆ ಅದು ಎಂಬುದು ಮನಸ್ಸಿನಿಂದ ಹೋಗುವುದಿಲ್ಲ.

ಸೀಗೆಹುಣ್ಣಿಮೆ
ದೂರ ಯಾಕೆ, ಸಾಗರದ ಕಡೆ ದೀವರ ಸಮುದಾಯದವರ ಮನೆಗಳ ಗೋಡೆಚಿತ್ರ, ಚಿತ್ತಾರ ನೋಡಿ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿನಾರಿನ ಕುಂಚ. ಅಳತೆಪಟ್ಟಿ ಇಲ್ಲ. ನಮ್ಮ ದೊಡ್ಡಮ್ಮ ಮದುವೆಯ ಹಸೆಗೋಡೆ ಬರೆಯುವಾಗ ಉಸಿರು ಹಿಡಿದು ಒಂದು ಗೆರೆ, ಬಿಟ್ಟು ಇನ್ನೊಂದು ಗೆರೆ ಎಳೆಯುತ್ತಿದ್ದರು. ಈಗ ಅದೇ ಗೋಡೆಗೆ ಎನಾಮಲ್ ಬಣ್ಣ ಬಳಿದು "ಒರೆಸಲು ಸುಲಭ" ಎನ್ನುತ್ತಾರೆ. ಭೂಮಿ ಹುಣ್ಣಿಮೆಯ ಬುಟ್ಟಿಗೆ ಮಾತ್ರ ಇನ್ನೂ ಬರೆಯುತ್ತೇವೆ. ಹಸಿ ಕೆಮ್ಮಣ್ಣಿನ ವಾಸನೆ ಬಂದರೆ ನನಗೆ ಇವತ್ತಿಗೂ ದೊಡ್ಡಮ್ಮನ ಮೊಣಕೈ ಕಾಣುತ್ತದೆ, ಅಲ್ಲಿಯವರೆಗೂ ಬಿಳಿ ಹಿಟ್ಟು ಅಂಟಿರುತ್ತಿತ್ತು.

ಕಡಲತಡಿ
ಅಕ್ಕ, ಬುಟ್ಟಿಯ ಚಿತ್ರ ಇದ್ದರೆ ಹಾಕಿ.

ಸೀಗೆಹುಣ್ಣಿಮೆ
ಈ ವರ್ಷದ್ದು ಬರೆದ ಮೇಲೆ ಹಾಕುತ್ತೇನೆ.

ಬೆಣ್ಣೆದೋಸೆ ಊರಿನವಳು
ಎಲ್ಲರಿಗೂ ಶರಣು. ನಿನ್ನೆ ಭಾನುವಾರ ಮಗನೂ ನಾನೂ ಸೇರಿ ಮಲಗುವ ಕೋಣೆಯ ಕಿಟಕಿಗೆ ಫ್ರಿಜ್ ಬಂದಿದ್ದ ಪೆಟ್ಟಿಗೆಯ ರಟ್ಟು ಅಂಟಿಸಿದೆವು. ಬಾಗಿಲ ಸಂದಿಗೆ ಹಳೆಯ ಸೀರೆ ತುರುಕಿದೆವು. ಅವನೇ ರಟ್ಟಿಗೆ ತೂತು ಮಾಡಿದ. ಮೊದಲು ಏನೂ ಕಾಣಲಿಲ್ಲ, "ಬಾಯಿ ಮುಚ್ಚಿ ಹತ್ತು ನಿಮಿಷ" ಎಂದು ಬರೆದಿದ್ದರಲ್ಲ, ಹಾಗೇ ಕೂತೆವು. ನಿಧಾನವಾಗಿ ಬೀರುವಿನ ಮೇಲೆ ಎದುರು ಮನೆ ಇಳಿಯಿತು. ತಲೆಕೆಳಗಾದ ಬೇವಿನ ಮರ, ಅದರ ಎಲೆ ಅಲುಗಾಡುತ್ತಿದೆ, ಬಣ್ಣವೂ ಇದೆ! ಅಷ್ಟರಲ್ಲಿ ಹೂವಿನವರು ಸೈಕಲ್ ತಳ್ಳಿಕೊಂಡು ನಮ್ಮ ಚಾವಣಿಯ ಅಂಚಿನಲ್ಲಿ ತಲೆಕೆಳಗಾಗಿ ನಡೆದುಹೋದರು. ಮಗ ಹಾಸಿಗೆಯ ಮೇಲೆ ಕುಣಿದ. "ಅಮ್ಮ, ನಾನು ಮಾಡಿದ ಪವಾಡ!" ಎಂದ. ಮೇಷ್ಟ್ರೇ, ಆಮೇಲೆ ನನ್ನದೇ ಬಳೆ ತೆಗೆದುಕೊಂಡು ದಾರದ ಪಾಠವನ್ನು ಅವನು ಅಜ್ಜಿಗೆ ಮಾಡಿ ತೋರಿಸಿದ.

ಸುಮ್ಮನೆ ಓದುವವ
ತೂತು ಎಷ್ಟು ದೊಡ್ಡದು ಇರಬೇಕು? ನಮ್ಮ ಮನೆಯಲ್ಲೂ ಇಬ್ಬರು ಮಕ್ಕಳಿದ್ದಾರೆ.

ಕತ್ತಲೆಕೋಣೆ
ಕೋಣೆಗಾದರೆ ಕಿರುಬೆರಳ ತುದಿ ಹಿಡಿಸುವಷ್ಟು. ದೊಡ್ಡದಾದರೆ ಬಿಂಬ ಬೆಳ್ಳಗಿದ್ದರೂ ಮಸುಕು, ಸಣ್ಣದಾದರೆ ಸ್ಪಷ್ಟ ಆದರೆ ಮಂಕು. ಕಿಟಕಿಯ ಎದುರಿಗೆ ಬಿಸಿಲು ಬಿದ್ದಿರಬೇಕು.

ಸುಮ್ಮನೆ ಓದುವವ
ನಮ್ಮ ಕಿಟಕಿ ಪಶ್ಚಿಮಕ್ಕೆ.

ಕತ್ತಲೆಕೋಣೆ
ಹಾಗಾದರೆ ಬೆಳಿಗ್ಗೆ ಮಾಡಿ, ಎದುರು ಮನೆಯ ಮುಖಕ್ಕೆ ಆಗಲೇ ಬಿಸಿಲು.